ಗುಡ್ಡದ ಬೆಂಕಿ, ನಮ್ಮ ಬಣವಿ



ಈ ವಾರ ಬರೆಯಬೇಕಾಗಿದ್ದದ್ದು ಮೆಣಸಿನಕಾಯಿ ಒಣಗಿಸುವ ಬಗ್ಗೆ. ಅದು ಮುಂದಿನ ವಾರಕ್ಕೆ ಇರಲಿ. ಶಿವರಾತ್ರಿ ಮುಗಿದ ಮೇಲೆ ನಮ್ಮೂರ ಹಿಂದಿನ ಗುಡ್ಡಕ್ಕೆ ಬೆಂಕಿ ಬಿದ್ದು ಎರಡು ರಾತ್ರಿ ಉರೀತು. ಸಿರವಾರ, ಮಾನ್ವಿ, ಗಬ್ಬೂರು ಕಡೆಯಿಂದ ಫೋನ್ ಮಾಡಿದವರೆಲ್ಲ "ಫಾರೆಸ್ಟಿನವರು ಏನ್ ಮಾಡಿದ್ರಣ್ಣ?" ಅಂತ ಕೇಳಿದರು. "ನಿಮ್ಮ ಹೊಲದಾಗ ಏನ್ ನಡದಿತ್ತು?" ಅಂತ ಒಬ್ಬರೂ ಕೇಳಲಿಲ್ಲ. ನಾನು ಬರೆಯುತ್ತಿರುವುದು ಆ ಕೇಳದ ಪ್ರಶ್ನೆಗೆ. ಸ್ವಲ್ಪ ಉದ್ದ ಆಗುತ್ತದೆ, ಮಧ್ಯಾಹ್ನ ಬಿಸಿಲಿಗೆ ಮನ್ಯಾಗ ಕುಂತಾಗ ಓದ್ರಿ.

ದೇವದುರ್ಗ ಗುಡ್ಡದ ನಡುವಿನ ಊರು ಅಂತ ನಿಮಗೆ ಗೊತ್ತೇ ಐತಿ. ಬೇಡ ನಾಯಕರ ಕಾಲಕ್ಕೆ ಈ ಗುಡ್ಡಗಳೇ ಊರಿಗೆ ಕಾವಲು. ಮಲೆನಾಡಿನ ಮಂದಿ ಬಂದು ನೋಡಿದರೆ ಇದನ್ನು ಕಾಡು ಅಂತ ಒಪ್ಪುವುದಿಲ್ಲ. ಆನೆ ಗಾತ್ರದ ಬಂಡೆಗಳು, ಅವುಗಳ ಸಂದಿಯಲ್ಲಿ ಸೀತಾಫಲ, ಜಾಲಿ, ಬಾರಿ, ತಂಗಡಿ, ಅಲ್ಲೊಂದು ಇಲ್ಲೊಂದು ಬೇವು. ಉಳಿದದ್ದೆಲ್ಲ ಹುಲ್ಲು. ಆ ಹುಲ್ಲೇ ನಮ್ಮ ಕುರಿ, ಮೇಕೆ, ದನಗಳಿಗೆ ಆರು ತಿಂಗಳ ಊಟ. ಮಳೆಗಾಲ ಮುಗಿಯೋ ಹೊತ್ತಿಗೆ ಸೀತಾಫಲ ಹಣ್ಣಾಗುತ್ತದೆ. ನಮ್ಮೂರಿನ ನಾಲ್ಕೈದು ಮನೆಯ ಹೆಣ್ಣುಮಕ್ಕಳು ಬುಟ್ಟಿ ತುಂಬಿಕೊಂಡು ದೇವದುರ್ಗಕ್ಕೆ, ಕೆಲವರು ರಾಯಚೂರು ತನಕ ಬಸ್ಸಿಗೆ ಹೋಗಿ ಮಾರಿಕೊಂಡು ಬರುತ್ತಾರೆ. ಹಬ್ಬದ ಖರ್ಚು ಅದರಲ್ಲೇ ನಡೆಯುತ್ತದೆ.

ಮಳೆ ಕಡಿಮೆಯಾದ ವರ್ಷ ಬೆಂಕಿ ಜಾಸ್ತಿ ಅಂತ ಬಹಳ ಮಂದಿ ತಿಳಕೊಂಡಾರ. ನಮ್ಮ ಗುಡ್ಡದಲ್ಲಿ ಆಗೋದು ಉಲ್ಟಾ. ಬರದ ವರ್ಷ ಉರಿಯೋಕೆ ಹುಲ್ಲೇ ಇರುವುದಿಲ್ಲ, ಇದ್ದಷ್ಟನ್ನು ಕುರಿ ನೆಕ್ಕಿಬಿಟ್ಟಿರುತ್ತವೆ. ಮಳೆ ಚಲೋ ಆದ ವರ್ಷ ಹುಲ್ಲು ಸೊಂಟದ ಮಟ್ಟ ಬೆಳೆದು, ಸಂಕ್ರಾಂತಿ ಹೊತ್ತಿಗೆ ಒಣಗಿ ಕರಡ ಆಗಿ ನಿಲ್ಲುತ್ತದೆ. ಹೋದ ಮುಂಗಾರು ಚಲೋ ಆಗಿತ್ತಲ್ಲ, ಅದೇ ಹುಲ್ಲು ಈಗ ಉರಿದದ್ದು. ಅಂದರೆ ಸುಗ್ಗಿ ಚಲೋ ಆದ ವರ್ಷವೇ ನಾವು ಹುಷಾರಾಗಿರಬೇಕು.

ನಡೆದದ್ದು ಹೇಳುತ್ತೇನೆ.

ಮಧ್ಯಾಹ್ನ ಮೂರರ ಸುಮಾರು. ಗುಡ್ಡದ ಬುಡದಲ್ಲಿ ಬಿಳಿ ಹೊಗೆ ಎದ್ದಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕಂದರೆ ಈ ದಿನಗಳಲ್ಲಿ ಯಾವುದಾದರೂ ಹೊಲದಲ್ಲಿ ಹೊಗೆ ಇದ್ದೇ ಇರುತ್ತದೆ. ಅರ್ಧ ತಾಸಿಗೆ ಹೊಗೆಯ ಬಣ್ಣ ಬದಲಾಗಿ ಹಳದಿ, ಆಮೇಲೆ ಕಪ್ಪಾಯಿತು. ಅಷ್ಟರಲ್ಲಿ ಬೆಂಕಿ ಬುಡದಿಂದ ಎದ್ದು ಅರ್ಧ ಗುಡ್ಡ ಏರಿತ್ತು. ಏರುವಾಗ ಬೆಂಕಿಯ ಓಟ ನೋಡಬೇಕು, ಮನುಷ್ಯ ಹತ್ತುವುದಕ್ಕಿಂತ ಜೋರು. ಇಳಿಜಾರಿನಲ್ಲಿ ಉರಿ ಮೇಲಿನ ಹುಲ್ಲಿಗೆ ಬಗ್ಗಿಕೊಂಡೇ ಇರುತ್ತದೆ. ಆ ಹುಲ್ಲು ಬೆಂಕಿ ಮುಟ್ಟುವ ಮೊದಲೇ ಕಾದು ಒಣಗಿ ತಯಾರಾಗಿರುತ್ತದೆ. ಅದರ ಮೇಲೆ ಹಗಲು ಬಿಸಿಲಿಗೆ ಬಂಡೆ ಕಾದು ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಎರಡೂ ಕೂಡಿದರೆ ಮುಗೀತು.

ಸಂಜೆ ಆದ ಮೇಲೆ ಗುಡ್ಡದ ನೆತ್ತಿಯ ಮೇಲೆ ಕೆಂಪು ಸಾಲು ಕಾಣಿಸಿತು. ದೂರದಿಂದ ನೋಡುವವರಿಗೆ ಚಂದ. ಊರಾಗಿನವರ ಎದಿ ಮಾತ್ರ ಢವಢವ ಅಂತಿತ್ತು. ಯಾಕಂದರೆ ಆ ದಿನ ನಮ್ಮೂರಿನ ಹತ್ತು ಮನೆಯಲ್ಲಿ ಕಡಿಮೆ ಅಂದರೂ ಆರು ಮನೆಯ ಪಡಸಾಲೆಯಲ್ಲಿ ಹತ್ತಿ ತುಂಬಿತ್ತು. ರಾಯಚೂರು ಎಪಿಎಂಸಿ ರೇಟು ಇವತ್ತು ಏರತೈತಿ, ನಾಳೆ ಏರತೈತಿ ಅಂತ ಕಾಯ್ಕೊಂಡು ಇಟ್ಟ ಹತ್ತಿ. ಹತ್ತಿಗೆ ಒಂದು ಕಿಡಿ ಬಿದ್ದರೆ ಮೇಲೆ ಏನೂ ಕಾಣದೆ ಒಳಗೊಳಗೇ ಕೊರೆಯುತ್ತಾ ಹೋಗುತ್ತದೆ. ನೀರು ಹೊಯ್ದು ಆರಿತು ಅಂತ ಮಲಗಿದರೆ ಮರುದಿನ ಮತ್ತೆ ಹೊಗೆ. ರಾಶಿ ಪೂರಾ ಬಿಚ್ಚಿ ಹರಡಿದರೆ ಮಾತ್ರ ಸಾಯುತ್ತದೆ. ಹೆಂಗಸರು ಆ ರಾತ್ರಿ ಕಿಟಕಿ ಬಾಗಿಲು ಹಾಕಿ, ಸಂದಿಗೆ ಹಸಿ ಗೋಣಿಚೀಲ ತುರುಕಿ, ಕೂಸುಗಳನ್ನು ಊರ ಆ ಕಡೆಯ ಬೀಗರ ಮನೆಗೆ ಕಳಿಸಿದರು.

ಗಂಡಸರು, ಹುಡುಗರು ಬೇವಿನ ಟೊಂಗೆ ಮುರ್ಕೊಂಡು ಗುಡ್ಡಕ್ಕೆ ಹೋದರು. ಫಾರೆಸ್ಟಿನ ಇಬ್ಬರು ವಾಚರ್‌ಗಳೂ ಬಂದು ಕೈ ಹಚ್ಚಿದರು. ಬೆಂಕಿ ಆರಿಸೋ ಗಾಡಿ ಊರ ತನಕ ಬಂತು. ರಸ್ತೆ ಮುಗಿದಲ್ಲಿ ಅದರ ಕೆಲಸವೂ ಮುಗೀತು, ಬಂಡೆ ಮೇಲೆ ಗಾಡಿ ಹತ್ತುವುದಿಲ್ಲವಲ್ಲ. ಅವರು ಊರ ಅಂಚಿನ ಮನೆಗಳ ಕಡೆ ನಿಂತು ಕಾದರು, ಅದೇ ದೊಡ್ಡ ಉಪಕಾರ ಆಯಿತು. ರಾತ್ರಿ ಎಂಟರ ಮೇಲೆ ಗಾಳಿ ತಿರುಗಿತು. ಹಗಲು ಮೇಲಕ್ಕೆ ಬೀಸುವ ಗಾಳಿ ರಾತ್ರಿ ಬಂಡೆ ತಣ್ಣಗಾಗುತ್ತಿದ್ದಂತೆ ಕೆಳಕ್ಕೆ ಇಳಿಯುತ್ತದೆ. ಬೆಂಕಿ ಇಳಿಯುವಾಗ ನಿಧಾನ, ಬಡಿದು ಆರಿಸಬಹುದು. ಆದರೆ ಅದೇ ಗಾಳಿ ಕಿಡಿಗಳನ್ನು ಊರ ಕಡೆ ತರುತ್ತದೆ.

ಅಂಥ ಒಂದು ಕಿಡಿ ನಮ್ಮ ಬದುವಿನ ಪಕ್ಕದ ಕಾಕಾನ ಬಣವಿಗೆ ಬಿತ್ತು. ಬೆಂಕಿ ಸಾಲು ಅಲ್ಲಿಂದ ಎರಡು ಹೊಲ ದೂರ ಇತ್ತು. ನಡುವೆ ಹತ್ತಿ ಕಿತ್ತ ಬರಿ ನೆಲ, ಅಲ್ಲಿ ಏನೂ ಉರಿಯಲಿಲ್ಲ. ಆದರೂ ಬಣವಿ ನೆತ್ತಿಯಿಂದ ಹತ್ತಿತು. ನಾವು ಮೂರು ಜನ ಔಷಧ ಹೊಡೆಯೋ ಬ್ಯಾಟರಿ ಪಂಪು ಹೊತ್ತು ಓಡಿದೆವು. 16 ಲೀಟರ್ ಪಂಪಿನ ನೀರು ಬಣವಿಗೆ ಎಲ್ಲಿ ಸಾಲಬೇಕು? ಜ್ವಾಳದ ಕಣಕಿ, ಶೇಂಗಾ ಹೊಟ್ಟು, ಎಲ್ಲ ಒಂದೇ ಕಡೆ ಒಟ್ಟಿದ್ದ. ಕಾಲು ತಾಸಿನಲ್ಲಿ ಮುಗೀತು. ಎತ್ತುಗಳ ಕಣ್ಣಿ ಕೊಯ್ದು ಬಿಟ್ಟದ್ದರಿಂದ ಅವು ಉಳಿದವು.

ಎತ್ತು ಉಳಿದವು ಅಂತ ಖುಷಿ ಪಟ್ಟೆವು. ಮರುದಿನ ಕಾಕಾ ಕೇಳಿದ ಮಾತು: "ಎತ್ತು ಉಳಿದ್ವು ಖರೆ ತಮ್ಮಾ, ತಿನ್ನಾಕ ಏನ್ ಹಾಕ್ಲಿ?"

ಲೆಕ್ಕ ನೀವೇ ಹಾಕ್ರಿ. ಒಂದು ಎತ್ತಿಗೆ ದಿನಕ್ಕೆ ಏಳೆಂಟು ಕಿಲೋ ಒಣಮೇವು ಅಂತ ಹಿಡಿದರೂ ಜೋಡಿಗೆ 15 ಕಿಲೋ. ಮಳೆ ಬಂದು ಹಸಿ ಹುಲ್ಲು ಚಿಗುರೋ ತನಕ ನೂರು ದಿನ. ಒಂದೂವರೆ ಟನ್ ಆಯಿತು. ಗುಡ್ಡದ ಕರಡವೂ ಸುಟ್ಟಿದೆ, ಮೇಯಿಸೋಕೆ ಜಾಗ ಇಲ್ಲ. ಊರಿನಲ್ಲಿ ಯಾರ ಬಣವಿ ನೋಡಿದರೂ ಅವರವರ ದನಕ್ಕೇ ಸಾಲದು. ಹತ್ತು ದಿನ ಮಂದಿ ಹೊರೆ ಹೊರೆ ಕೊಟ್ಟರು. ಹನ್ನೊಂದನೇ ದಿನ ಕಾಕಾ ಎತ್ತು ಮಾರಿದ. ಬ್ಯಾಸಿಗೆಯಲ್ಲಿ ಮೇವಿಲ್ಲದವನು ಮಾರುವ ಎತ್ತಿಗೆ ಎಷ್ಟು ರೇಟು ಹಚ್ಚುತ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಗೆ ಕುಂಟಿ ಹೊಡೆಯೋಕೆ ಈಗ ಬಾಡಿಗೆ ಟ್ರ್ಯಾಕ್ಟರ್ ಕಾಯಬೇಕು.

ಪರಿಹಾರ ಸಿಗಲ್ಲೇನು ಅಂತ ಕೇಳ್ತೀರಿ. ವಿಪತ್ತು ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಐತಿ. 2022ರಲ್ಲಿ ಬಂದ ನಿಯಮದಲ್ಲಿ ಹಾಲು ಕೊಡೋ ಎಮ್ಮೆ ಆಕಳು ಸತ್ತರೆ 37,500 ರೂಪಾಯಿ, ದುಡಿಯೋ ಎತ್ತಿಗೆ 32,000, ಕುರಿ ಮೇಕೆಗೆ 4,000 ಅಂತ ಇತ್ತು. ಅದಕ್ಕೆ ಪಂಚನಾಮೆ ಬೇಕು, ಪಶು ವೈದ್ಯರ ವರದಿ ಬೇಕು, ಫೋಟೋ ಬೇಕು. ಸತ್ತ ದನವನ್ನು ಅವಸರ ಮಾಡಿ ಹೂಳಬೇಡ್ರಿ ಅಂತ ಅದಕ್ಕೇ ಹೇಳೋದು. ಆದರೆ ಆ ಪಟ್ಟಿಯಲ್ಲಿ ಬಣವಿ ಅನ್ನೋ ಸಾಲು ಇಲ್ಲ. ಎತ್ತು ಸತ್ತಿದ್ದರೆ ಆ ನಿಧಿಯಿಂದ ದುಡ್ಡು ಬರುತ್ತಿತ್ತು, ಎತ್ತಿನ ಊಟ ಸುಟ್ಟರೆ ಆ ನಿಧಿಯಿಂದ ಬರುವುದಿಲ್ಲ. ಬೆಳೆ ವಿಮೆಯೂ ಹೊಲದಲ್ಲಿ ನಿಂತ ಬೆಳೆಗೆ, ಅದೂ ಸಿಡಿಲಿನಂಥ ನೈಸರ್ಗಿಕ ಬೆಂಕಿಗೆ. ಮನುಷ್ಯ ಹಚ್ಚಿದ ಬೆಂಕಿಗೆ ಅಲ್ಲ.

ಈಗ ಬೆಂಕಿ ಹಚ್ಚಿದವರು ಯಾರು ಅನ್ನೋ ಮಾತು.

ಮರುದಿನ ಕಟ್ಟೆ ಮೇಲೆ ಪಂಚಾಯ್ತಿ ಕೂತಾಗ ಮೊದಲು ಬಂದ ಹೆಸರು ಕುರಿ ಕಾಯೋರದ್ದು. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚತಾರ ಅನ್ನೋದು ಹಳೆ ಆರೋಪ. ಅಲ್ಲೇ ಕೂತಿದ್ದ ಕುರಿ ಕಾಯೋ ಮುದುಕ ಎದ್ದು ನಿಂತು ಅಂದ: "ಮಳಿ ಬಿದ್ರ ಚಿಗರತೈತಿ, ಒಪ್ಪತೀನಿ. ಮಳಿ ಬರಾಕ ಇನ್ನ ಮೂರು ತಿಂಗಳೈತಿ. ಅಲ್ಲೀ ಮಟ ನನ್ನ ಕುರಿ ಬೂದಿ ತಿಂತಾವೇನು?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮಳೆಗಾಲದ ಬಾಯಲ್ಲಿ ಹಚ್ಚಿದವರು ಇರಬಹುದು, ಇಲ್ಲ ಅನ್ನಲ್ಲ. ಆದರೆ ಶಿವರಾತ್ರಿ ಟೈಮಿನಲ್ಲಿ ಗುಡ್ಡ ಸುಟ್ಟರೆ ಮೊದಲು ಉಪವಾಸ ಬೀಳೋದೇ ಅವನು.

ಆಮೇಲೆ ಬೀಡಿ ಸೇದೋರು, ಜೇನು ಬಿಡಿಸೋರು, ಜೋತು ಬಿದ್ದ ಕರೆಂಟಿನ ತಂತಿ, ಹೋಳಿಗೆ ಕಟ್ಟಿಗೆ ಕದಿಯೋ ಹುಡುಗರು, ಎಲ್ಲರ ಸರದಿ ಬಂತು. ಇವು ಯಾವುದೂ ಸುಳ್ಳಲ್ಲ, ಒಂದೊಂದು ವರ್ಷ ಒಂದೊಂದು ಕಾರಣ. ಈ ಸಲ ಹೊಗೆ ಮೊದಲು ಎದ್ದ ಜಾಗಕ್ಕೆ ಹೋಗಿ ನೋಡಿದೆವು. ಗುಡ್ಡಕ್ಕೆ ಹತ್ತಿದ ಹೊಲದ ಮೂಲೆಯಲ್ಲಿ ಕಿತ್ತ ಹತ್ತಿ ಕಟ್ಟಿಗೆಯ ಗುಂಪಿ ಸುಟ್ಟ ಬೂದಿ ಇತ್ತು. ಬೂದಿಯಿಂದ ಶುರುವಾಗಿ ಕರ್ರಗಾದ ಹಾದಿ ನೆಟ್ಟಗೆ ಗುಡ್ಡಕ್ಕೆ ಹೋಗಿತ್ತು. ಯಾರ ಹೊಲ ಅಂತ ಬರೆಯಲ್ಲ, ಬರೆಯೋ ಅಗತ್ಯವೂ ಇಲ್ಲ. ಬೆಳಿಗ್ಗೆ ಹಚ್ಚಿ, ಉರಿ ಇಳಿದದ್ದು ನೋಡಿ, ಊಟಕ್ಕೆ ಮನೆಗೆ ಹೋಗಿದ್ದರು. ನಮ್ಮ ಕಡೆ ಹತ್ತಿ ಬೆಳೆಯೋ ಹತ್ತು ಮಂದಿಯಲ್ಲಿ ಎಂಟು ಮಂದಿ ಮಾಡೋದೇ ಇಷ್ಟು. ಗಾಳಿ ಎದ್ದದ್ದು ಎರಡು ಗಂಟೆಗೆ.

ಕಟ್ಟಿಗೆ ಸುಡೋಕೆ ಒಂದು ನ್ಯಾಯವಾದ ಕಾರಣವೂ ಐತಿ. ಗುಲಾಬಿ ಕಾಯಿಕೊರಕ. ಹತ್ತಿ ಬಿಡಿಸಿದ ಮೇಲೆ ಗಿಡ ಹೊಲದಲ್ಲಿ ನಿಲ್ಲಿಸಬೇಡ್ರಿ, ಉಳಿದ ಕಾಯಿಯೊಳಗೆ ಹುಳ ಕೂತು ಮುಂದಿನ ಹಂಗಾಮಿಗೆ ಬರತೈತಿ ಅಂತ ಕೃಷಿ ಇಲಾಖೆಯವರೂ, ರಾಯಚೂರು ಕೃಷಿ ವಿಶ್ವವಿದ್ಯಾಲಯದವರೂ ಹೇಳುತ್ತಾ ಬಂದಿದ್ದಾರೆ. ಅದು ಖರೆ. ನಾಶ ಮಾಡ್ರಿ ಅಂದದ್ದನ್ನು ನಾವು ಸುಡ್ರಿ ಅಂತ ಕೇಳಿಸಿಕೊಂಡೆವು. ನಾಶ ಮಾಡೋಕೆ ಬೇರೆ ದಾರಿಯೂ ಐತಿ. ಟ್ರ್ಯಾಕ್ಟರಿಗೆ ಹಚ್ಚೋ ಶ್ರೆಡರ್ ಹೊಡೆಸಿದರೆ ಕಟ್ಟಿಗೆ ಪುಡಿಯಾಗಿ ನೆಲಕ್ಕೆ ಬೀಳುತ್ತದೆ, ಮೇಲೆ ಪಲ್ಟಿ ಹೊಡೆದರೆ ಮಣ್ಣಿಗೆ ಸೇರುತ್ತದೆ. ಹುಳಕ್ಕೂ ಜಾಗ ಇಲ್ಲ, ಕಿಡಿಗೂ ಇಲ್ಲ. ಒಬ್ಬೊಬ್ಬರೇ ತರಿಸಿದರೆ ಬಾಡಿಗೆ ಭಾರ. ಎಂಟು ಹತ್ತು ಹೊಲದವರು ಕೂಡಿ ಒಂದೇ ದಿನಕ್ಕೆ ಕರೆಸಿದರೆ ಗಾಡಿ ಓಡಾಟದ ಖರ್ಚು ಹಂಚಿಹೋಗುತ್ತದೆ.

ಗುಡ್ಡಕ್ಕೆ ಬೆಂಕಿ ಬಿದ್ದರೆ ಏನಾಯ್ತೀಗ, ಮಳೆ ಬಂದರೆ ಮತ್ತೆ ಹಸಿರಾಗತೈತಿ ಅನ್ನೋರು ಬಹಳ. ಹಸಿರಾಗುತ್ತದೆ, ಆದರೆ ಏನು ಹಸಿರಾಗುತ್ತದೆ ನೋಡ್ರಿ. ಹುಲ್ಲಿನ ಬೇರು ಮಣ್ಣೊಳಗೆ ಇರುತ್ತದೆ, ಅದು ಸಾಯುವುದಿಲ್ಲ. ಸೀತಾಫಲದ ದೊಡ್ಡ ಬುಡವೂ ಚಿಗುರುತ್ತದೆ. ಸಾಯೋದು ಒಂದು ಎರಡು ವರ್ಷದ ಬೇವಿನ ಸಸಿ, ಬಾರಿ ಸಸಿ, ಹಕ್ಕಿ ಹಾಕಿದ ಬೀಜದಿಂದ ಈಗಷ್ಟೇ ಎದ್ದ ಗಿಡ. ನೆಲದ ಮೇಲೆ ಮೊಟ್ಟೆ ಇಡೋ ಹಕ್ಕಿಗಳ ಗೂಡೂ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಸುಟ್ಟರೆ ಹೊಸ ಮರ ಒಂದೂ ಎದ್ದು ನಿಲ್ಲುವುದಿಲ್ಲ. ಮರದ ನೆರಳಿಲ್ಲದ ಕಡೆ ಹುಲ್ಲು ಇನ್ನೂ ಜೋರು. ಹುಲ್ಲು ಜೋರಾದರೆ ಮುಂದಿನ ಬೆಂಕಿ ಇನ್ನೂ ಜೋರು. ನಮ್ಮಪ್ಪ ದನ ಕಾಯುವಾಗ ನೆರಳಿಗೆ ಕೂರುತ್ತಿದ್ದ ಬೇವಿನ ಸಾಲು ಈಗ ಗುಡ್ಡದಲ್ಲಿ ಇಲ್ಲ. ಯಾರೂ ಕಡಿದದ್ದಲ್ಲ. ಹಳೆ ಮರ ವಯಸ್ಸಾಗಿ ಬಿದ್ದವು, ಹೊಸವು ಬೆಳೆಯಲಿಲ್ಲ.

ಇನ್ನೊಂದು ನಷ್ಟ ಕೆಳಗಿನ ಹೊಲಗಳಿಗೆ. ಸುಟ್ಟ ಗುಡ್ಡದ ಮೇಲೆ ಮೊದಲ ದೊಡ್ಡ ಮಳೆ ಬಿದ್ದರೆ ಹಿಡಿಯೋಕೆ ಹುಲ್ಲಿಲ್ಲ. ಬೂದಿ, ಮಣ್ಣು, ಗರಸು ಎಲ್ಲ ಕೊಚ್ಚಿಕೊಂಡು ಬಂದು ಬದು ಒಡೆಯುತ್ತದೆ, ಹಳ್ಳ ಕೆರೆ ತುಂಬುತ್ತದೆ. ಗುಡ್ಡದ ಬುಡದ ಹೊಲದವರು ಈ ಸಲ ಮುಂಗಾರಿಗೆ ಮೊದಲೇ ಬದು ನೋಡ್ಕೊಳ್ರಿ. ಬಂಡೆಯ ಪಕ್ಕ ಓಡಾಡುವಾಗಲೂ ಹುಷಾರು. ಕಾದ ಬಂಡೆ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಿಂದೆ ಕಲ್ಲು ಒಡೆಯುವವರು ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ದೂರದ ಎರಡು ಸುದ್ದಿ ಇಲ್ಲಿ ಹೇಳಬೇಕು.

2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ಎಲ್ಲರಿಗೂ ನೆನಪಿರಬೇಕು. ಗೋಪಾಲಸ್ವಾಮಿ ಬೆಟ್ಟದ ಕಡೆ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ತರಿಸಿ ಮೇಲಿನಿಂದ ನೀರು ಸುರಿಸಿದರು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸೋಕೆ ಹೋದ ಫಾರೆಸ್ಟ್ ಗಾರ್ಡ್ ಒಬ್ಬರು ಜೀವ ಕಳಕೊಂಡರು. ಅದು ಹುಲಿ ಕಾಡು, ದೇಶವೇ ನೋಡುತ್ತದೆ. ನಮ್ಮ ಕರಡದ ಗುಡ್ಡಕ್ಕೆ ಹೆಲಿಕಾಪ್ಟರ್ ಬರಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ನಮ್ಮ ಕೈಯೇ ನಮಗೆ ಮೊದಲು, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು ಅಂತ ಅಷ್ಟೆ.

ಇನ್ನೊಂದು ಅಮೆರಿಕದ್ದು. ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಡೈಸ್ ಅಂತ ಗುಡ್ಡದ ಮೇಲಿನ ಸಣ್ಣ ಊರು. 2018ರ ನವೆಂಬರ್ 8ರ ಬೆಳಿಗ್ಗೆ ಕರೆಂಟಿನ ದೊಡ್ಡ ಲೈನಿನಿಂದ ಬಿದ್ದ ಕಿಡಿ ಒಣಹುಲ್ಲಿಗೆ ಹತ್ತಿ, ಕೆಲವೇ ತಾಸಿನಲ್ಲಿ ಆ ಊರು ಬಹುತೇಕ ಇಲ್ಲದಂತಾಯಿತು. 85 ಮಂದಿ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡ ಹೋದವು. ಅಲ್ಲಿ ಹೆಲಿಕಾಪ್ಟರ್, ವಿಮಾನ, ನೂರಾರು ಬೆಂಕಿ ಗಾಡಿ ಎಲ್ಲ ಇದ್ದವು. ಅಲ್ಲಿ ಬೆಂಕಿಯ ಸಾಲು ಬರುವ ಮೊದಲೇ ಗಾಳಿಯಲ್ಲಿ ಹಾರಿ ಬಂದ ಕಿಡಿಗಳು ಊರೊಳಗೆ ಬಿದ್ದು ಹತ್ತಾರು ಕಡೆ ಹೊಸ ಬೆಂಕಿ ಎಬ್ಬಿಸಿದ್ದವು. ಕಿಡಿ ಬೀಳೋ ಜಾಗದಲ್ಲಿ ಒಣಗಿದ್ದು ಏನಿದೆ ಅನ್ನೋದರ ಮೇಲೆ ಮನೆ ಉಳಿಯೋದು ಸುಡೋದು ನಿಂತಿರುತ್ತದೆ. ನಮ್ಮ ಕಾಕಾನ ಬಣವಿಗೂ ಇದೇ ಆದದ್ದು. ಎರಡು ಹೊಲ ಬರಿ ನೆಲ ಇದ್ದರೂ ಕಿಡಿ ದಾಟಿತು.

ಈಗ ಮಾನ್ವಿ ಕಡೆಯ ರೈತರಿಗೆ ಒಂದು ಮಾತು. ನಮ್ಮಕ್ಕನ್ನ ಕೊಟ್ಟದ್ದು ಮಾನ್ವಿ ತಾಲೂಕಿಗೆ, ತುಂಗಭದ್ರಾ ಕಾಲುವೆ ನೀರಿನ ನೆಲ. ವರ್ಷಕ್ಕೆ ಮೂರ್ನಾಲ್ಕು ಸಲ ಹೋಗಿ ಬರುತ್ತೇನೆ. ನೆಲ್ಲು ಕೊಯ್ಲಾದ ಹೊತ್ತಿಗೆ ಸಿರವಾರ ದಾಟಿ ಹೋಗ್ತಿದ್ದರೆ ರಸ್ತೆಯ ಎರಡೂ ಕಡೆ ಹೊಗೆ. ಮೊದಲು ಕೈಯಿಂದ ಕೊಯ್ಯುವಾಗ ಹುಲ್ಲು ಪೂರಾ ಮನೆಗೆ ಬರುತ್ತಿತ್ತು. ಈಗ ಮಷಿನ್ ಕೊಯ್ದು ಹುಲ್ಲನ್ನು ಸಾಲಾಗಿ ಚೆಲ್ಲಿ ಹೋಗುತ್ತದೆ, ಮೊಣಕಾಲ ಮಟ್ಟ ಕೂಳಿ ನಿಲ್ಲುತ್ತದೆ. ಕಾಲುವೆಗೆ ನೀರು ಬಿಡೋ ದಿನ ಹತ್ತಿರ, ಎರಡನೇ ಬೆಳೆಗೆ ನೆಲ ತಯಾರಾಗಬೇಕು, ಆಳು ಸಿಗಲ್ಲ. ಕಡ್ಡಿ ಗೀರೋದು ಎಲ್ಲಕ್ಕಿಂತ ಸುಲಭ. ನಮ್ಮ ಮಾವ ಅಂದದ್ದು ಇಷ್ಟೇ: "ನೀ ಹೇಳೋದು ಬರೋಬರಿ ಐತೋ ಅಳಿಯಾ, ಆದ್ರ ನನಗ ಎಂಟು ದಿನ ಟೈಮ್ ಯಾರ್ ಕೊಡತಾರ?"

ಆ ಪ್ರಶ್ನೆ ಸಣ್ಣದಲ್ಲ. ಆದರೂ ಲೆಕ್ಕ ನೋಡ್ರಿ. ಒಂದು ಟನ್ ನೆಲ್ಲಿನ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕ, ಎರಡು ಕಿಲೋ ಮೇಲೆ ರಂಜಕ, 25 ಕಿಲೋ ಪೊಟ್ಯಾಷ್ ಇರುತ್ತದೆ, ಸಾವಯವ ಇಂಗಾಲ 400 ಕಿಲೋ. ಸುಟ್ಟರೆ ಸಾರಜನಕ, ಇಂಗಾಲ ಹೆಚ್ಚುಕಡಿಮೆ ಪೂರಾ ಗಾಳಿಗೆ. ಅದೇ ಹುಲ್ಲಿನ ಒಂದೂವರೆ ಟನ್ನಿಗೆ ಇಲ್ಲಿ ಕಾಕಾ ಎತ್ತು ಮಾರಿದ. ಒಂದೇ ಜಿಲ್ಲೆ, ನಡುವೆ ಸಿರವಾರ ಒಂದೇ. ಅಲ್ಲಿ ಬೇಡಾದದ್ದು ಇಲ್ಲಿ ಇಲ್ಲದ್ದು.

ಮೊಬೈಲಿನಲ್ಲಿ ಒಂದು ನಕ್ಷೆ ಸಿಗುತ್ತದೆ, ನಾಸಾದವರದು, ಫರ್ಮ್ಸ್ ಅಂತ ಹೆಸರು. ದುಡ್ಡು ಕೊಡಬೇಕಿಲ್ಲ. ಉಪಗ್ರಹ ಹಗಲು ಒಂದೂವರೆ ಸುಮಾರಿಗೆ, ರಾತ್ರಿ ಒಂದೂವರೆ ಸುಮಾರಿಗೆ ಹಾದು ಹೋಗುವಾಗ ಕಂಡ ಬೆಂಕಿಯನ್ನು ಕೆಂಪು ಚುಕ್ಕೆ ಮಾಡಿ ತೋರಿಸುತ್ತದೆ. ಒಂದು ಚುಕ್ಕೆ ಅಂದರೆ ಸುಮಾರು 375 ಮೀಟರ್ ಅಗಲದ ಜಾಗ. ಎರಡು ಸಲದ ನಡುವೆ ಹತ್ತಿ ಆರಿದ ಬೆಂಕಿ ಅದರಲ್ಲಿ ಬರಲ್ಲ. ಹಿಂದಿನ ತಾರೀಖು ಹಾಕಿಯೂ ನೋಡಬಹುದು. ನಾನು ನಮ್ಮ ಗುಡ್ಡ ನೋಡಿದೆ, ಚುಕ್ಕೆ ಇದ್ದವು. ಆಮೇಲೆ ನೆಲ್ಲು ಕೊಯ್ಲಿನ ದಿನಗಳಿಗೆ ಹೋಗಿ ಮಾನ್ವಿ, ಸಿಂಧನೂರು ಕಡೆ ನೋಡಿದೆ. ನೀವೂ ನೋಡ್ರಿ, ನಾನು ಹೇಳೋದಕ್ಕಿಂತ ನೀವು ನೋಡಿದರೆ ಚಲೋ. ನಮ್ಮ ಭಾರತೀಯ ಅರಣ್ಯ ಸಮೀಕ್ಷೆಯವರೂ ಕಾಡಿನ ಬೆಂಕಿಯ ಸಂದೇಶ ಫೋನಿಗೆ ಕಳಿಸುತ್ತಾರೆ, ಹೆಸರು ನೋಂದಾಯಿಸಿದರೆ ಯಾರಿಗಾದರೂ ಬರುತ್ತದೆ.

ಕಟ್ಟೆ ಮೇಲೆ ಎರಡು ದಿನ ಜಗಳ ಆಡಿ ನಮ್ಮೂರವರು ಒಂದಿಷ್ಟು ಕಟ್ಟು ಹಾಕಿಕೊಂಡಿದ್ದೇವೆ. ದಂಡ, ಗಿಂಡ ಏನಿಲ್ಲ. ನಿಮ್ಮೂರಿಗೆ ಹೊಂದಿದರೆ ತಗೊಳ್ರಿ.

ಒಂದು. ಗುಡ್ಡಕ್ಕೆ ಹತ್ತಿದ ಹೊಲದವರು ಸಂಕ್ರಾಂತಿ ಮುಗಿದ ವಾರದಲ್ಲಿ ಗುಡ್ಡದ ಅಂಚಿಗೆ 10–12 ಅಡಿ ಅಗಲ ಪಲ್ಟಿ ಹೊಡೆದು ಬರಿ ಮಣ್ಣು ಮಾಡಬೇಕು. ಹೊಲದ ಬೆಂಕಿ ಗುಡ್ಡಕ್ಕೆ ಹೋಗೋದು, ಗುಡ್ಡದ್ದು ಹೊಲಕ್ಕೆ ಬರೋದು ಕಡಿಮೆ ಆಗುತ್ತದೆ. ಗುಡ್ಡದ ಒಳಗೆ ಮಾತ್ರ ನಾವಾಗಿ ಬೆಂಕಿ ರೇಖೆ ಸುಡೋಕೆ ಹೋಗಬಾರದು, ಅದು ಫಾರೆಸ್ಟಿನವರ ಕೆಲಸ. ಮೀಸಲು ಕಾಡಿಗೆ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ.

ಎರಡು. ಅಂಚಿನ ಕರಡವನ್ನು ಮೊದಲು ಕುರಿಗೆ ಬಿಡಬೇಕು. ಕುರಿ ಮೇಯ್ದ ಜಾಗದಲ್ಲಿ ಬೆಂಕಿ ಓಡುವುದಿಲ್ಲ. ಕುರಿ ಕಾಯೋರನ್ನು ಬೈಯೋದು ಬಿಟ್ಟು ಕರೆಯೋದು ಕಲೀಬೇಕು. ಇದು ಆ ಮುದುಕನೇ ಹೇಳಿದ್ದು, ಎಲ್ಲರೂ ಒಪ್ಪಿದರು.

ಮೂರು. ಹತ್ತಿ ಕಟ್ಟಿಗೆಗೆ ಕೂಡಿ ಶ್ರೆಡರ್ ತರಿಸೋದು. ಸುಡಲೇಬೇಕು ಅನ್ನೋರು ಗುಡ್ಡದಿಂದ ದೂರ, ಸಣ್ಣ ಸಣ್ಣ ಗುಂಪಿ ಮಾಡಿ, ಬೆಳಿಗ್ಗೆ ಗಾಳಿ ಏಳುವ ಮೊದಲು, ಪಕ್ಕದ ಹೊಲದವರಿಗೆ ಹೇಳಿ ಹಚ್ಚಬೇಕು. ಪಂಪಿನಲ್ಲಿ ನೀರು ತುಂಬಿ ಪಕ್ಕದಲ್ಲಿ ಇರಬೇಕು. ಬೂದಿಗೆ ನೀರು ಹೊಯ್ದು, ಕೈ ಹತ್ತಿರ ಹಿಡಿದು ಬಿಸಿ ಇಲ್ಲ ಅನಿಸಿದ ಮೇಲೆ ಊಟಕ್ಕೆ ಹೋಗೋದು.

ನಾಲ್ಕು. ಬಣವಿ ಎಲ್ಲ ಒಂದೇ ಕಡೆ ಒಟ್ಟಬಾರದು. ಎರಡು ಮಾಡಿ, ನಡುವೆ ಎಷ್ಟು ಆಗುತ್ತೋ ಅಷ್ಟು ದೂರ ಇಡಬೇಕು. ಕರೆಂಟಿನ ತಂತಿ ಕೆಳಗೆ ಬೇಡ, ದನ ಕಟ್ಟೋ ಜಾಗಕ್ಕೆ ತಾಗಿ ಬೇಡ. ಸುತ್ತ ಕಸ ಕೆತ್ತಿ ಬರಿ ನೆಲ ಇರಬೇಕು. ಒಂದು ಹೋದರೂ ಇನ್ನೊಂದು ಉಳಿದರೆ ಎತ್ತು ಉಳಿಯುತ್ತವೆ.

ಐದು. ಹೊಗೆ ಕಂಡ ಕೂಡಲೇ ಗುಡಿ ಮೈಕಿನಲ್ಲಿ ಕೂಗೋದು, 112ಕ್ಕೆ ಇಲ್ಲವೇ 101ಕ್ಕೆ ಫೋನ್ ಮಾಡೋದು. ಟ್ರ್ಯಾಕ್ಟರಿಗೆ ಔಷಧ ಹೊಡೆಯೋ ದೊಡ್ಡ ಪಂಪು ಇರೋ ಮೂರು ಮನೆಯವರು ಬ್ಯಾಸಿಗೆ ಮುಗಿಯೋ ತನಕ ಟ್ಯಾಂಕ್ ತೊಳೆದು ನೀರು ತುಂಬಿ ಇಡುತ್ತಾರೆ. 16 ಲೀಟರಿನಲ್ಲಿ ಆಗದ್ದು ಅದರಲ್ಲಿ ಆಗುತ್ತದೆ.

ಆರು. ಆರಿಸೋಕೆ ಹೋಗೋರು ಬೆಂಕಿಯ ಮೇಲ್ಗಡೆ ನಿಲ್ಲಬಾರದು, ಅದು ಏರಿ ಬರುತ್ತದೆ. ಸುಟ್ಟು ಕರ್ರಗಾದ ಕಡೆಯಿಂದ, ಪಕ್ಕದಿಂದ ಬಡಿಯಬೇಕು. ಮೈಮೇಲೆ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಚಪ್ಪಲಿ ಇಲ್ಲವೇ ಬೂಟು. ನೈಲಾನ್, ಪಾಲಿಸ್ಟರ್ ಕರಗಿ ಮೈಗೆ ಅಂಟುತ್ತದೆ. ವೀಡಿಯೋ ಮಾಡೋ ಹುಡುಗರನ್ನು ಕೆಳಗೇ ನಿಲ್ಲಿಸ್ರಿ.

ಏಳನೆಯದು ಇನ್ನೂ ಆಗಿಲ್ಲ, ಅದಕ್ಕೆ ನಿಮ್ಮ ಕೈ ಬೇಕು. ಮಾನ್ವಿ, ಸಿರವಾರ ಕಡೆ ಈ ಬ್ಯಾಸಿಗೆ ನೆಲ್ಲು ಕೊಯ್ಯೋರು ಹುಲ್ಲು ಬೇಡ ಅನ್ನೋದಿದ್ದರೆ, ಮಷಿನ್ ಬರೋ ಎರಡು ದಿನ ಮೊದಲು ಒಂದು ಫೋನ್ ಮಾಡ್ರಿ. ನಮ್ಮೂರಿಂದ ನಾಲ್ಕು ಟ್ರ್ಯಾಲಿ, ಹತ್ತು ಆಳು ಬರುತ್ತೇವೆ. ಬೇಲರ್ ಸಿಕ್ಕರೆ ಅದರ ಬಾಡಿಗೆ ನಮ್ಮದು. ಎರಡು ದಿನದಲ್ಲಿ ನಿಮ್ಮ ನೆಲ ಖಾಲಿ ಮಾಡಿ ಕೊಡುತ್ತೇವೆ, ಮಾವ ಕೇಳಿದ ಎಂಟು ದಿನ ಬೇಕಿಲ್ಲ. ನೆಲ್ಲಿನ ಹುಲ್ಲು ಜ್ವಾಳದ ಕಣಕಿಯಷ್ಟು ಕಸುವಿನದಲ್ಲ ಅಂತ ಗೊತ್ತು. ಬ್ಯಾಸಿಗೆಯಲ್ಲಿ ಖಾಲಿ ಗ್ವಾದಲಿ ನೆಕ್ಕೋ ದನಕ್ಕೆ ಅದೇ ಹೋಳಿಗೆ.

ಮೊದಲ ಟ್ರ್ಯಾಲಿ ಯಾರ ಮನೆಗೆ ಇಳಿಸಬೇಕು ಅಂತ ಊರವರು ಈಗಾಗಲೇ ಮಾತಾಡಿಕೊಂಡಿದ್ದಾರೆ. ಕಾಕಾನ ಮನೆಯಲ್ಲಿ ಎತ್ತಿಲ್ಲ ಖರೆ, ಒಂದು ಎಮ್ಮೆ ಉಳಿದೈತಿ.